ಸಂಡಿಗೆ ಬೇಕು ಅಂದವರು ಸೌಟು ಹಿಡಿಯಲಿ

ಯುಗಾದಿ ಮುಗಿದು ರಾಮನವಮಿ ಬರುವುದರೊಳಗೆ ಫೇಸ್‌ಬುಕ್ ತುಂಬ ಒಂದೇ ತರದ ಪೋಸ್ಟುಗಳು. ಅಜ್ಜಿ ಮನೆ, ತಾರಸಿ, ಹಳೇ ಪಂಚೆ ಮೇಲೆ ಸಾಲಾಗಿ ಸಂಡಿಗೆ, ಕೋಲು ಹಿಡಿದು ಕಾಗೆ ಓಡಿಸುತ್ತಿದ್ದ ಬಾಲ್ಯ. ಆ ದಿನಗಳು ಮತ್ತೆ ಬರಬಾರದೇ ಅಂತ ಕೊನೆಗೊಂದು ನಿಟ್ಟುಸಿರು. ಕೆಳಗೆ ರಾಶಿ ರಾಶಿ ಲೈಕು. "ಈಗಿನ ಹೆಣ್ಣುಮಕ್ಕಳಿಗೆ ಇದೆಲ್ಲ ಎಲ್ಲಿ ಬರುತ್ತೆ ಬಿಡಿ" ಅಂತ ಒಬ್ಬರಾದರೂ ಕಾಮೆಂಟ್ ಹಾಕಿರುತ್ತಾರೆ.

ಈ ಪೋಸ್ಟು ಬರೆಯುವವರಲ್ಲಿ ಮುಕ್ಕಾಲುಪಾಲು ಮಂದಿ ಕಾಗೆ ಓಡಿಸಿದವರು. ಸೌಟು ತಿರುಗಿಸಿದವರಲ್ಲ. ಸೌಟು ತಿರುಗಿಸಿದವರು ಬರೆಯುವುದೂ ಇಲ್ಲ, ಅವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಇರುತ್ತದೆ. ನಾನು ಈಗ ರಾತ್ರಿ ಹತ್ತೂವರೆಗೆ ಬರೆಯುತ್ತಿದ್ದೇನೆ, ಪಾತ್ರೆ ಮಗುಚಿ ಹಾಕಿ ಬಂದು.

ನಮ್ಮದು ಶಿವಮೊಗ್ಗ. ಅತ್ತೆ, ನಾವಿಬ್ಬರು, ಎಸ್‌ಎಸ್‌ಎಲ್‌ಸಿ ಬರೆಯುತ್ತಿರುವ ಮಗಳು, ಐದನೇ ಕ್ಲಾಸಿನ ಪರೀಕ್ಷೆ ಮುಗಿಸಿ ಮನೆಯನ್ನೇ ಕ್ರಿಕೆಟ್ ಮೈದಾನ ಮಾಡಿಕೊಂಡಿರುವ ಮಗ. ನಾನು ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತೇನೆ. ಲೆಕ್ಕದವರಿಗೆ ಮಾರ್ಚ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 31ರೊಳಗೆ ಎಲ್ಲ ತಾಳೆಯಾಗಬೇಕು. ಅದೇ ಹೊತ್ತಿಗೆ ಹಬ್ಬ, ಅದೇ ಹೊತ್ತಿಗೆ ಮಕ್ಕಳ ಪರೀಕ್ಷೆ, ಮಾವಿನ ಮಿಡಿ ಬರುವುದೂ ಅದೇ ಹೊತ್ತಿಗೆ. ಸಂಡಿಗೆಗೆ ಬೇಕಾದ ಖಡಕ್ ಬಿಸಿಲೂ ಆಗಲೇ. ಏಪ್ರಿಲ್ ಅರ್ಧ ಆಯಿತು ಅಂದರೆ ನಮ್ಮ ಕಡೆ ಸಂಜೆಹೊತ್ತು ಗುಡುಗು ಶುರುವಾಗುತ್ತದೆ. ಆಮೇಲೆ ಅಶ್ವಿನಿ, ಭರಣಿ ಮಳೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ, ಸರಿ. ಆದರೆ ಸಂಡಿಗೆಗೆ ಅದು ಆಗಿಬರುವುದಿಲ್ಲ, ಒಂದೇ ರಾತ್ರಿಗೆ ಬೂಷ್ಟು. ಹಾಗಾಗಿ ಈ ವಾರ ಕೈತಪ್ಪಬಾರದು ಅನ್ನುವುದು ಅತ್ತೆಯ ಪಂಚಾಂಗ.

ಯುಗಾದಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಣ್ಣೆಸ್ನಾನ, ಬೇವುಬೆಲ್ಲ, ಹೋಳಿಗೆ, ಮಾವಿನಕಾಯಿ ಚಿತ್ರಾನ್ನ. ಉಂಡವರು ಫ್ಯಾನಿನ ಕೆಳಗೆ ಉರುಳಿಕೊಂಡರು, ನಾನು ಹೋಳಿಗೆ ಕಾವಲಿ ಉಜ್ಜಿದೆ. ಫ್ಯಾನ್ ಅಂದಾಗ ನೆನಪಾಯಿತು. ನಮ್ಮ ಮನೆಯಲ್ಲಿ ಈಗ ಅತ್ಯಂತ ದೊಡ್ಡ ಜಗಳ ಅದರದ್ದೇ. ಗೃಹಜ್ಯೋತಿ ಬಂದಾಗಿನಿಂದ ಅತ್ತೆಗೆ 200 ಅನ್ನುವ ಸಂಖ್ಯೆ ಬಾಯಿಪಾಠ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಬೇಸಿಗೆಯಲ್ಲಿ ಮೂರು ರೂಮಿನಲ್ಲೂ ಫ್ಯಾನು, ಮೇಲಿಂದ ಫ್ರಿಜ್ಜು, ಮಗಳು ರಾತ್ರಿ ಓದುವ ಲೈಟು. "ಅಲ್ಲಿ ಯಾರಿಗೋ ಗಾಳಿ ಬೀಸ್ತಾ ಇದೀಯೇನೋ, ಆರಿಸೋ ಫ್ಯಾನು" ಅಂತ ಮೊಮ್ಮಗನ ಹಿಂದೆಯೇ ಸ್ವಿಚ್ಚಿನವರೆಗೂ ಹೋಗುತ್ತಾರೆ. ಮಂಡಿನೋವು ಆಗ ಅಡ್ಡಬರುವುದಿಲ್ಲ.

ಸಂಡಿಗೆಯ ವಿಷಯಕ್ಕೆ ಬರುತ್ತೇನೆ.

ಹಬ್ಬದ ಮರುದಿನವೇ ಅತ್ತೆ ಅಕ್ಕಿ ನೆನೆಸಿಬಿಟ್ಟರು. ನನ್ನನ್ನು ಕೇಳಿದ್ದು ಆಮೇಲೆ. "ಭಾನುವಾರ ನಿನಗೆ ರಜ ಅಲ್ವೇನೇ? ಅಕ್ಕಿ ನೆನೆಹಾಕಿ ಆಗಿದೆ." ನನ್ನ ರಜ ಅಂದರೆ ಮನೆಯಲ್ಲಿ ಎಲ್ಲರಿಗೂ ಸೇರಿದ ಆಸ್ತಿ. ದಿನಾ ನೀರು ಬದಲಿಸಿ, ಹುಳಿ ವಾಸನೆ ಬರುವ ಮುಂಚೆ ನುಣ್ಣಗೆ ರುಬ್ಬಿ ಇಡಬೇಕು. ಅದು ಶನಿವಾರ ರಾತ್ರಿ. ಆಫೀಸಿನಿಂದ ಬಂದಾಗಲೇ ಎಂಟು ದಾಟಿತ್ತು. ಮಗಳಿಗೆ ಗಣಿತದ ಭಯ, ಪಕ್ಕದಲ್ಲಿ ಯಾರಾದರೂ ಕೂರಬೇಕು. ಒಂದು ಕಿವಿ ಪ್ರಮೇಯದ ಕಡೆ, ಇನ್ನೊಂದು ಕಿವಿ ಗ್ರೈಂಡರಿನ ಕಡೆ.

"ಸಂಡಿಗೆ ಇಲ್ಲದೆ ಮಳೆಗಾಲ ಕಳೆಯೋಕಾಗುತ್ತಾ?" ಅಂದರು ನಮ್ಮನೆಯವರು, ಊಟಕ್ಕೆ ಕೂತಾಗ. ತಮಾಷೆಗೇ ಅಂದಿದ್ದು. ನಾನು ತಮಾಷೆಗೆ ಹೇಳಲಿಲ್ಲ. "ಹಾಗಾದ್ರೆ ನಾಲ್ಕೂವರೆಗೆ ಎಬ್ಬಿಸ್ತೀನಿ, ಬನ್ನಿ. ಸೌಟು ನಿಮ್ಮದು."

ಎದ್ದರು, ಸುಳ್ಳು ಹೇಳಬಾರದು. ಅಷ್ಟು ಬೇಗ ಯಾಕೆ ಅಂದರೆ, ಮೊದಲ ದಿನದ ಬಿಸಿಲು ಪೂರ್ತಿ ಸಿಗಬೇಕು. ಒಂಬತ್ತು ಗಂಟೆ ಮೇಲೆ ಇಡುವುದಕ್ಕೆ ಶುರುಮಾಡಿದರೆ ಸಂಜೆಗೆ ಒಳಗೆ ಹಸಿ ಉಳಿದು ಹುಳಿಯಾಗುತ್ತದೆ. ಹನ್ನೊಂದರ ಮೇಲೆ ತಾರಸಿಯಲ್ಲಿ ಬರಿಗಾಲು ಇಡುವ ಹಾಗೂ ಇಲ್ಲ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲು ಬಿಟ್ಟು, ಉಪ್ಪು, ಅರೆದ ಹಸಿಮೆಣಸು, ಜೀರಿಗೆ, ಇಂಗು. ಆಮೇಲೆ ಹಿಟ್ಟನ್ನು ಸಣ್ಣಗೆ ಹೊಯ್ಯುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ಗಂಟು, ತಳ ಹಿಡಿಯುತ್ತದೆ. ಮೊದಲ ಐದು ನಿಮಿಷ ಏನೂ ಅನ್ನಿಸುವುದಿಲ್ಲ. ಗಟ್ಟಿಯಾಗುತ್ತಾ ಬಂದ ಹಾಗೆ ಸೌಟು ಎಳೆಯುವುದಕ್ಕೆ ಭುಜ ಬೇಕು. ಕುದಿ ಬಂದ ಮೇಲೆ ಗುಳ್ಳೆ ಒಡೆದು ಪಟ್ ಅಂತ ಮಣಿಕಟ್ಟಿಗೆ ಹಾರುತ್ತದೆ, ಅಂಟಿಕೊಂಡೇ ಸುಡುತ್ತದೆ. ಬೆಂದಿದೆಯಾ ಅಂತ ನೋಡಲು ಕೈ ಒದ್ದೆ ಮಾಡಿಕೊಂಡು ಮುಟ್ಟಬೇಕು. ಕೈಗೆ ಅಂಟದಿದ್ದರೆ ಆಯಿತು ಅಂತ. ಒಲೆ ಆರಿಸಿದ ಮೇಲೆ ನಿಂಬೆಹಣ್ಣು.

ನಮ್ಮನೆಯವರು ಹತ್ತು ನಿಮಿಷ ತಿರುಗಿಸಿದರು. ಬನಿಯನ್ ಒದ್ದೆ. ಮಣಿಕಟ್ಟಿಗೆ ಎರಡು ಕಡೆ ಸಿಡಿಯಿತು. ನಲ್ಲಿ ಕೆಳಗೆ ಕೈ ಹಿಡಿದುಕೊಂಡು ಕೇಳಿದರು: "ಇಷ್ಟು ಕಷ್ಟ ಯಾಕೆ ಪಡಬೇಕು? ಅಂಗಡೀಲಿ ಸಿಗುತ್ತಲ್ಲ?"

ಅತ್ತೆ ನಕ್ಕಿದ್ದು ನೋಡಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಅವರು ಈ ಕೆಲಸ ಮಾಡಿದ್ದಾರೆ. ಅಷ್ಟು ವರ್ಷ ಈ ಮನೆಯಲ್ಲಿ ಯಾವ ಗಂಡಸಿಗೂ ಅಂಗಡಿಯ ನೆನಪಾಗಿರಲಿಲ್ಲ. ಸೌಟು ಕೈಗೆ ಬಂದು ಹತ್ತು ನಿಮಿಷಕ್ಕೆ ನೆನಪಾಯಿತು. ನಾನು ಹೇಳಬೇಕೆಂದಿದ್ದನ್ನೆಲ್ಲ ಅವರೇ ಹೇಳಿಬಿಟ್ಟರು, ಪಾಪ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2024ರಲ್ಲಿ ದೇಶದ ತುಂಬ ಒಂದು ಸಮೀಕ್ಷೆ ಮಾಡಿದರು. ಜನ ದಿನದ ಇಪ್ಪತ್ನಾಲ್ಕು ಗಂಟೆ ಹೇಗೆ ಕಳೆಯುತ್ತಾರೆ ಅಂತ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಲೆಕ್ಕದವಳಾದ್ದರಿಂದ ಇನ್ನೊಂದು ಮಾತು ಸೇರಿಸುತ್ತೇನೆ. ಈ 88 ಅನ್ನುವುದು ಮನೆಗೆಲಸ ಮಾಡುವ ಗಂಡಸರ ಸರಾಸರಿ ಮಾತ್ರ. ಮಾಡದೇ ಇರುವವರನ್ನೂ ಸೇರಿಸಿ ಹಂಚಿದರೆ ಇನ್ನೂ ಇಳಿಯುತ್ತದೆ. ಆ 289ರಲ್ಲಿ ಸಂಡಿಗೆ ಎಷ್ಟು, ಕಾವಲಿ ಉಜ್ಜಿದ್ದೆಷ್ಟು, ನನಗೆ ಗೊತ್ತು.

ನಾನು ಸಂಡಿಗೆ ವಿರೋಧಿ ಅಲ್ಲ. ಮಳೆ ಹೊಯ್ಯುವಾಗ ತಿಳಿಸಾರು ಅನ್ನಕ್ಕೆ ಒಂದು ಅರಳು ಸಂಡಿಗೆ ಇದ್ದರೆ ನನಗೂ ಬೇರೇನೂ ಬೇಡ. ನನ್ನ ತಕರಾರು ಇಷ್ಟೇ. ಮಾಡಿದ್ದನ್ನು ಪ್ರೀತಿ ಅನ್ನುತ್ತೀರಿ, ಮಾಡದಿದ್ದರೆ ಸೋಮಾರಿತನ ಅನ್ನುತ್ತೀರಿ. ನಡುವೆ ಅದು ಕೆಲಸ ಅಂತ ಮಾತ್ರ ಯಾರೂ ಅನ್ನುವುದಿಲ್ಲ.

ಕೆಲಸ ಅಂತ ಅಂದುಕೊಂಡವರು ಇದ್ದಾರೆ. 1959ರ ಮಾರ್ಚ್ 15ರಂದು ಮುಂಬೈಯ ಗಿರಗಾಂವ್‌ನಲ್ಲಿ ಏಳು ಜನ ಗುಜರಾತಿ ಹೆಂಗಸರು ತಮ್ಮ ಕಟ್ಟಡದ ತಾರಸಿಯಲ್ಲಿ ಹಪ್ಪಳ ಲಟ್ಟಿಸಿದರು. ಬಂಡವಾಳ 80 ರೂಪಾಯಿ, ಅದೂ ಸಾಲ. ಮೊದಲ ದಿನ ಆಗಿದ್ದು ನಾಲ್ಕು ಪ್ಯಾಕೆಟ್. ಅದೇ ಲಿಜ್ಜತ್. ಇವತ್ತು ಅದರಲ್ಲಿ 40 ಸಾವಿರಕ್ಕಿಂತ ಜಾಸ್ತಿ ಹೆಂಗಸರಿದ್ದಾರೆ, ಲಟ್ಟಿಸುವವರೇ ಅದರ ಒಡತಿಯರು ಕೂಡ. ಆ ಏಳು ಜನರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅವರ ತಾರಸಿಯಲ್ಲೂ ಇದೇ ಬಿಸಿಲು ತಾನೇ? ಲಟ್ಟಣಿಗೆಯೂ ಅದೇ. ಅವರಿಗೆ ಕೂಲಿ ಸಿಕ್ಕಿತು, ಅಷ್ಟೇ ವ್ಯತ್ಯಾಸ. ನಮ್ಮ ಊರುಗಳಲ್ಲೂ ಸ್ತ್ರೀಶಕ್ತಿ ಸಂಘದವರು ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಮಾರುತ್ತಾರೆ. ಅವರ ಹತ್ತಿರ ಎರಡು ಕೆಜಿ ತಗೊಂಡು, ಚೌಕಾಸಿ ಮಾಡದೆ ದುಡ್ಡು ಕೊಟ್ಟರೆ ನಮ್ಮ ಸಂಸ್ಕೃತಿ ಎಲ್ಲೂ ಓಡಿಹೋಗುವುದಿಲ್ಲ. ಅಂಗಡಿಯದ್ದಕ್ಕೆ ಸೋಡಾ ಹಾಕುತ್ತಾರೆ ಅನ್ನುವ ದೂರು ಸರಿ ಇರಬಹುದು. ಹಾಗಾದರೆ ಹಾಕದವರನ್ನು ಹುಡುಕಿ ತನ್ನಿ. ಹುಡುಕುವುದೂ ಒಂದು ಕೆಲಸ, ಅದನ್ನಾದರೂ ಮಾಡಿ.

ಆದರೂ ಅತ್ತೆಗೆ ಮನೆಯಲ್ಲೇ ಆಗಬೇಕು. ಯಾಕೆ ಅಂತ ಆವತ್ತು ಕೇಳಿದೆ. ತಾರಸಿಯಲ್ಲಿ ಹಾಳೆ ಹಾಸಿ ನಾನು ಇಡುತ್ತಿದ್ದೆ, ಅವರು ಮೆಟ್ಟಿಲು ಹತ್ತಿ ಬಂದು ನೀರಿನ ಟ್ಯಾಂಕಿನ ನೆರಳಲ್ಲಿ ಸ್ಟೂಲು ಹಾಕಿಕೊಂಡಿದ್ದರು. "ನಿಮಗೆ ಇದು ಇಷ್ಟ ಆಗ್ತಿತ್ತಾ ಅತ್ತೆ?"

"ಇಷ್ಟ ಏನ್ ಬಂತು, ಸೊಂಟ ಬಿದ್ದುಹೋಗ್ತಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಆವತ್ತು ಎಲ್ರೂ ಬರ್ತಿದ್ರು ಕಣೇ" ಅಂದರು.

ಎಲ್ಲರೂ ಅಂದರೆ ವಾರಗಿತ್ತಿಯರು, ಪಕ್ಕದ ಮನೆಯವರು, ಎದುರು ಮನೆಯ ಬಾಣಂತಿ ಕೂಡ ಮಗು ಎತ್ತಿಕೊಂಡು. ಇವತ್ತು ಇವರ ಮನೆ, ನಾಳೆ ಅವರ ಮನೆ. ಒಬ್ಬರು ತಿರುಗಿಸಿ ಸುಸ್ತಾದರೆ ಇನ್ನೊಬ್ಬರು. ಮೇಲೆ ಹೋದರೆ ಗಂಡಸರು ಯಾರೂ ಇರುತ್ತಿರಲಿಲ್ಲ. ಯಾರ ಮನೆಯಲ್ಲಿ ಏನಾಯಿತು, ಯಾರ ಅತ್ತೆ ಏನಂದರು, ಯಾರಿಗೆ ಮತ್ತೆ ತಿಂಗಳು ನಿಂತಿದೆ, ಎಲ್ಲ ಅಲ್ಲೇ. ನಕ್ಕಿದ್ದು ಕೆಳಗಿನವರಿಗೆ ಕೇಳಿಸಿ ಮಾವನವರು ಅಂಗಳದಿಂದಲೇ ಕೆಮ್ಮುತ್ತಿದ್ದರಂತೆ. ಅದನ್ನು ಹೇಳುವಾಗ ಅತ್ತೆಯ ಮುಖ ನೋಡಿದರೆ ಸಂಡಿಗೆ ಬರೀ ನೆಪ ಅನ್ನಿಸಿತು. ಮನೆಯಿಂದ ಹೊರಗೆ ಕಾಲಿಡಲು ದೇವಸ್ಥಾನ ಬಿಟ್ಟು ಬೇರೆ ಕಾರಣ ಇಲ್ಲದ ಹೆಂಗಸರಿಗೆ ಅದೊಂದು ಪಿಕ್ನಿಕ್ಕು.

ಬಾಲ್ಯದ ಪೋಸ್ಟು ಬರೆಯುವವರು ಮರೆಯುವುದು ಇದನ್ನೇ. ಆರೇಳು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬಳ ತಲೆಗೆ ಕಟ್ಟಿ, ಹಿಂದಿನ ಹಾಗೆ ನಗುನಗುತ್ತಾ ಮಾಡು ಅನ್ನುತ್ತಾರೆ. ಆವತ್ತು ತಾರಸಿಯಲ್ಲಿ ನಾನು, ಟ್ಯಾಂಕಿನ ಹತ್ತಿರ ಅತ್ತೆ. ಮಗ ಕಾವಲಿಗೆ. ಅವನು ಕಾಗೆ ಓಡಿಸಿದ್ದಕ್ಕಿಂತ ಅರ್ಧ ಒಣಗಿದ ಸಂಡಿಗೆ ಕಿತ್ತು ತಿಂದಿದ್ದೇ ಜಾಸ್ತಿ. ಹೋಗಲಿ ಬಿಡಿ, ಅರ್ಧ ಒಣಗಿದ್ದು ನಿಜವಾಗಿಯೂ ರುಚಿ, ನಾನೂ ನಾಲ್ಕು ಬಾಯಿಗೆ ಹಾಕಿಕೊಂಡೆ. ಐಪಿಎಲ್ ಯಾವಾಗ ಶುರು ಅನ್ನುವುದೊಂದೇ ಅವನ ಚಿಂತೆ. 2025ರಲ್ಲಿ ಆರ್‌ಸಿಬಿ ಕಪ್ ಗೆದ್ದೂ ಆಗಿದೆ, ಆದರೂ "ಈ ಸಲ ಕಪ್ ನಮ್ದೇ" ಅನ್ನುವುದು ಬಿಟ್ಟಿಲ್ಲ.

ಇಷ್ಟೆಲ್ಲದರ ಮಧ್ಯೆ ರಿಪ್ಪನ್‌ಪೇಟೆ ಕಡೆಯಿಂದ ನಾದಿನಿ ಬಂದಳು, ಚೀಲದ ತುಂಬ ಉಪ್ಪಿನಕಾಯಿಗೆ ಅಂತ ಅಪ್ಪೆಮಿಡಿ. ಸರ್ಕಾರಿ ಬಸ್ಸು ಸಿಕ್ಕಿದ್ದರೆ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಬರಬಹುದಿತ್ತು. ಆ ದಾರಿಯಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಟಿಕೆಟ್ ಕೊಟ್ಟೇ ಬಂದಿದ್ದಾಳೆ. ಅದರ ಬಗ್ಗೆ ಅರ್ಧ ಗಂಟೆ ಭಾಷಣವಾಯಿತು. ಮಿಡಿಯನ್ನು ನಮ್ಮಲ್ಲಿ ತೂಕ ಹಾಕುವುದಿಲ್ಲ, ನೂರರ ಲೆಕ್ಕ. ಮರ ಹತ್ತಿ ಕೈಯಿಂದ ಕಿತ್ತು ಬುಟ್ಟಿಯಲ್ಲಿ ಇಳಿಸಿರಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಜಾಡಿಯನ್ನು ಕೆಡಿಸುತ್ತದೆ. "ಅತ್ತಿಗೆ, ತೊಟ್ಟು ಪೂರ್ತಿ ಮುರೀಬೇಡಿ, ಪರಿಮಳ ಎಲ್ಲ ಸೊನೇಲೇ ಇರೋದು" ಅಂತ ಹೇಳಿ, ಕಾಫಿ ಕುಡಿದು, ನಾಲ್ಕರ ಬಸ್ಸಿಗೆ ಹೊರಟೇಬಿಟ್ಟಳು. ಅವಳ ಮನೆಯಲ್ಲೂ ಅಕ್ಕಿ ನೆನೆದಿದೆಯಂತೆ.

ಆವತ್ತು ರಾತ್ರಿ ಟಿವಿ ಹಾಕಿಕೊಂಡು ಎಲ್ಲರೂ ಕೂತು ಮಿಡಿ ಒರೆಸಿದೆವು. ಒಂದು ಹನಿ ನೀರೂ ಉಳಿಯಬಾರದು. ಮಗಳು ಸಮಾಜ ವಿಜ್ಞಾನದ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡೇ ಒರೆಸಿದಳು. ಕಲ್ಲುಪ್ಪು ಒಂದು ಪದರ, ಮಿಡಿ ಒಂದು ಪದರ. ಚೆನ್ನಾಗಿ ಚಿರುಟಿಕೊಳ್ಳಲು ಇನ್ನು ಹತ್ತು ಹದಿನೈದು ದಿನ, ದಿನಾ ಒಂದು ಸಲ ಕುಲುಕಬೇಕು. ರಾಮನವಮಿಗೆ ಪಾನಕ, ಕೋಸಂಬರಿ ಮಾಡಿದ್ದು ಮಗಳು. ಕಾಳುಮೆಣಸು ಸ್ವಲ್ಪ ಜೋರಾಗಿತ್ತು, ಯಾರೂ ಸೊಲ್ಲೆತ್ತಲಿಲ್ಲ. ಪರೀಕ್ಷೆಯ ಮಗು ಅಲ್ವಾ.

ಮಿಡಿಗೆ ಖಾರ ಹಾಕುವ ಭಾನುವಾರ ನನಗೆ ಆಡಿಟ್ ಕೆಲಸ ಇದೆ. ಆಗಲ್ಲ ಅಂತ ಈಗಲೇ ಹೇಳಿದ್ದೇನೆ. ಅತ್ತೆ ತಮ್ಮ ಮಗನನ್ನು ಎದುರು ಕೂರಿಸಿಕೊಂಡು ಹೇಳಿಕೊಟ್ಟರು. ಉಪ್ಪುನೀರು ಬಸಿದು ಕುದಿಸಿ ಆರಿಸು, ಸಾಸಿವೆ ಬಿಸಿಲಿಗೆ ಇಟ್ಟು ಪುಡಿಮಾಡು, ಬ್ಯಾಡಗಿ ಮೆಣಸಿನಕಾಯಿ ತೊಟ್ಟು ತೆಗಿ, ಒದ್ದೆ ಕೈ ಹಾಕಬೇಡ. ಇವರು ಒಂದೊಂದಾಗಿ ಚೀಟಿಯಲ್ಲಿ ಬರೆದುಕೊಂಡರು. ಸಾಸಿವೆ ಎಷ್ಟು ಅಂತ ಕೇಳಿದ್ದಕ್ಕೆ ಅತ್ತೆ "ಕಣ್ಣಂದಾಜು" ಅಂದರು. ಅದನ್ನೂ ಬರೆದುಕೊಂಡಿದ್ದಾರೆ.