ದಂಡ ಹೋಯ್ತು, ಶಿಕ್ಷಾ ಬಂತು

ಟಿವಿಯಲ್ಲಿ ‘ಸರ್ವ ಶಿಕ್ಷಾ ಅಭಿಯಾನ್’ ಜಾಹೀರಾತು ಬರುತ್ತಿದ್ದ ಕಾಲ. ಬತ್ತಿ ಹೊಸೆಯುತ್ತಿದ್ದ ನಮ್ಮಜ್ಜಿ ಕೈ ನಿಲ್ಲಿಸಿ ಕೇಳಿದರು, “ಯಾರಿಗೋ ಶಿಕ್ಷೆ?”

“ಎಲ್ಲಾ ಮಕ್ಕಳಿಗೂ ಅಂತೆ ಅಜ್ಜಿ.”

“ಅಯ್ಯೋ ಪಾಪ, ಏನ್ ಮಾಡಿದ್ವಂತೆ?”

ಅಜ್ಜಿಯ ತಪ್ಪೇನಿಲ್ಲ. ಸಂಸ್ಕೃತದಲ್ಲಿ ಶಿಕ್ಷಾ ಅಂದರೆ ಕಲಿಕೆ. ವೇದದ ಆರು ಅಂಗಗಳಲ್ಲಿ ಒಂದಕ್ಕೆ ಅದೇ ಹೆಸರು, ಉಚ್ಚಾರಣೆಯ ಪಾಠ ಅದು. ಹಿಂದಿಯವರು ಈ ಅರ್ಥವನ್ನು ಜೋಪಾನವಾಗಿ ಇಟ್ಟುಕೊಂಡರು. ನಮ್ಮ ಬಾಯಲ್ಲಿ ಅದು ದಂಡನೆಯಾಯಿತು. ಮರಾಠಿ, ತೆಲುಗಿನಲ್ಲೂ ಅಷ್ಟೇ. ಬೆತ್ತದ ರುಚಿ ಕಂಡವರೇ ಅರ್ಥ ಬರೆದಿರಬೇಕು. ಇವತ್ತಿಗೂ “ನಿಂಗೆ ಸರಿಯಾಗಿ ಪಾಠ ಕಲಿಸ್ತೀನಿ” ಅಂತ ಯಾರಾದರೂ ಅಂದರೆ ನಾವು ನೋಟ್‌ಬುಕ್ ತೆಗೆಯುವುದಿಲ್ಲ, ಓಡುತ್ತೇವೆ.

2009ರ ಕಾನೂನಿನ ಹಿಂದಿ ಹೆಸರನ್ನು ಕನ್ನಡದ ಕಿವಿಯಲ್ಲಿ ಕೇಳಬೇಕು: ‘ನಿಃಶುಲ್ಕ್ ಔರ್ ಅನಿವಾರ್ಯ್ ಬಾಲ ಶಿಕ್ಷಾ ಕಾ ಅಧಿಕಾರ್’. ಮಕ್ಕಳಿಗೆ ಶಿಕ್ಷೆ, ಅದೂ ಬಿಟ್ಟಿ, ಅದೂ ಕಡ್ಡಾಯ, ಮೇಲಾಗಿ ಹಕ್ಕು! ತಮಾಷೆ ಅಂದರೆ ಅದೇ ಕಾನೂನಿನ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯಬೇಡಿ ಅನ್ನುತ್ತದೆ. ಪುಣ್ಯಕ್ಕೆ ನಮ್ಮ ಇಲಾಖೆಯವರು ಕನ್ನಡದಲ್ಲಿ ‘ಶಿಕ್ಷಣ’ ಅಂತ ಬರೆದು ಮಾನ ಉಳಿಸಿದರು. ಒಂದು ‘ಣ’ದ ಮೇಲೆ ಇಡೀ ಇಲಾಖೆ ನಿಂತಿದೆ.

ದೆಹಲಿಗೆ ಆ ‘ಣ’ ಬೇಕಿಲ್ಲ. 2020ರಲ್ಲಿ ಮಾನವ ಸಂಪನ್ಮೂಲ ಸಚಿವಾಲಯದ ಬೋರ್ಡ್ ಇಳಿಸಿ ‘ಶಿಕ್ಷಾ ಮಂತ್ರಾಲಯ್’ ಅಂತ ಏರಿಸಿದರು. ಆಮೇಲೆ ಕೋರ್ಟಿನ ಕಡೆ ತಿರುಗಿದರು. 1860ರ ದಂಡ ಸಂಹಿತೆಯಲ್ಲಿ ‘ದಂಡ’ ಅನ್ನೋ ಪದವೇ ಸರಿಯಿಲ್ಲ, ಬ್ರಿಟಿಷರ ವಾಸನೆ ಹೊಡೆಯುತ್ತೆ ಅಂತ ಅನ್ನಿಸಿತು. 2024ರ ಜುಲೈ 1ರಿಂದ ಅದು ‘ನ್ಯಾಯ ಸಂಹಿತೆ’. ಅಂದರೆ ಶಾಲೆಗೆ ಶಿಕ್ಷಾ, ಕೋರ್ಟಿಗೆ ನ್ಯಾಯ. ಕನ್ನಡದವನಿಗೆ ತಲೆ ತಿರುಗಬೇಕೋ ಬೇಡವೋ?

ದಂಡ ಅನ್ನೋದು ಕೌಟಿಲ್ಯನ ಕಾಲದಲ್ಲೂ ಇದ್ದ ಪದ ಅನ್ನೋದು ಬೇರೆ ವಿಷಯ, ಬಿಡಿ. ಹೊಸ ಸಂಹಿತೆಯ 4ನೇ ಸೆಕ್ಷನ್ ತೆಗೆದು ನೋಡಿದೆ. ಮರಣದಂಡನೆಯಿಂದ ಜುಲ್ಮಾನೆಯವರೆಗೆ ಹಳೆಯ ಐದೂ ಅಲ್ಲೇ ಕೂತಿವೆ. ಜೊತೆಗೆ ಸಮುದಾಯ ಸೇವೆ ಅಂತ ಆರನೆಯದು ಬೇರೆ. ಹೆಸರಿನಿಂದ ದಂಡ ಹೋಯಿತು, ಒಳಗೆ ಶಿಕ್ಷೆ ಒಂದು ಜಾಸ್ತಿಯಾಯಿತು.

ಈ ಖುಷಿಯಲ್ಲಿ ಹೆಲ್ಮೆಟ್ ಇಲ್ಲದೆ ಹೊರಟ ನನ್ನ ಗೆಳೆಯ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ. “ಸಾರ್, ದಂಡ ಹೋಗಿ ನ್ಯಾಯ ಬಂತಲ್ವಾ?” ಅಂದ.

ಪೊಲೀಸಪ್ಪ ರಸೀದಿ ಮಷೀನಿನಿಂದ ತಲೆ ಎತ್ತಲೇ ಇಲ್ಲ. “ಬಂತು ಬಂತು. 500 ರೂಪಾಯಿ ನ್ಯಾಯ ಕಟ್ಟಿ ಹೋಗಿ.”