ಗುಡ್ಡ ಹತ್ತಲು ಒಟಿಪಿ ಬೇಕು

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅಂತ ನಮ್ಮ ಕಡೆ ಗಾದೆ. ಯಾರಾದರೂ ಅದನ್ನು ತಿದ್ದಬೇಕು. ಈಗ ಗುಡ್ಡ ಹತ್ತಲು ಸೊಕ್ಕು ಸಾಲದು, ರೊಕ್ಕವೂ ಸಾಲದು. ಮೊಬೈಲಿಗೆ ಒಟಿಪಿ ಬರಬೇಕು.

ಚಾರಣಕ್ಕೆ ಆನ್‌ಲೈನ್ ಬುಕ್ಕಿಂಗ್, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಬಂದ ಸುದ್ದಿ ನೀವೂ ಓದಿದ್ದೀರಿ. ಒಳ್ಳೆಯದೇ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸೇರಿದ ಜಾತ್ರೆ ನೋಡಿದವರು ಬೇಡ ಅನ್ನಲಾರರು. ಆದರೆ ಆ ಟಿಕೆಟ್ ತೋರಿಸಬೇಕಾದ್ದು ಘಟ್ಟದ ಬುಡದಲ್ಲಿ, ಸಿಗ್ನಲ್ ಸತ್ತ ಜಾಗದಲ್ಲಿ. ಸುರಿಯೋ ಮಳೆಯಲ್ಲಿ ಫೋನ್ ಎತ್ತಿ ಹಿಡಿದು ನಿಂತಲ್ಲೇ ಸುತ್ತುವವರನ್ನು ನೋಡಿ ಗೇಟಿನ ಹುಡುಗನಿಗೇ ಪಾಪ ಅನಿಸುತ್ತದೆ. ‘ಸರ್, ಆ ತಿರುವಿನ ಹತ್ರ ಒಂದು ಕಡ್ಡಿ ಬರ್ತದೆ, ನೋಡಿ’ ಅನ್ನುತ್ತಾನೆ. ಬರುವುದಿಲ್ಲ.

ಹೇಗೋ ಮೇಲೆ ಹೋದರೆ ವ್ಯೂ ಪಾಯಿಂಟ್. ಜುಲೈನಲ್ಲಿ ಅಲ್ಲಿ ಕಾಣುವುದು ‘ವ್ಯೂ ಪಾಯಿಂಟ್’ ಎಂಬ ಬೋರ್ಡು ಮಾತ್ರ. ಯಾಣದಲ್ಲಿ 120 ಮೀಟರಿನ ಭೈರವೇಶ್ವರ ಶಿಖರವೇ ಮಂಜಿನಲ್ಲಿ ನಾಪತ್ತೆಯಾಗಿರುತ್ತದೆ. ಆದರೂ ಎಲ್ಲರೂ ಬಿಳಿ ಮಂಜಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಮನೆಯ ಗೋಡೆ ಎದುರೇ ತೆಗೆಸಿದ್ದರೆ ಪೆಟ್ರೋಲಾದರೂ ಉಳೀತಿತ್ತು.

ಬುಕ್ಕಿಂಗ್ ಇಲ್ಲದೆ ಬರುವುದು ಉಂಬಳ, ಅಂದರೆ ಕಾಡಿನ ಜಿಗಣೆ, ಒಂದೇ. ಅದಕ್ಕೆ 300ರ ಮಿತಿಯೂ ಇಲ್ಲ. ದುಬಾರಿ ಸಾಕ್ಸಿನ ನೆಯ್ಗೆಯಲ್ಲಿ ಸೂಜಿಯ ಹಾಗೆ ತೂರಿ, ಹೊಟ್ಟೆ ತುಂಬಿದ ಮೇಲೆ ದ್ರಾಕ್ಷಿಯಷ್ಟಾಗಿ ತಾನೇ ಉದುರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಬೇಗ ನಿಲ್ಲುವುದಿಲ್ಲ. ಊರಿನ ಅಜ್ಜ ಕವಳದ ಸಂಚಿಯಿಂದ ಒಂದು ಚೂರು ಸುಣ್ಣ ತೆಗೆದು ಮುಟ್ಟಿಸಿದರೆ ಮುದುಡಿ ಬೀಳುತ್ತದೆ. ಪೇಟೆಯಿಂದ ಬಂದವರು ಅಜ್ಜನ ವಿಡಿಯೊ ಮಾಡುತ್ತಾರೆ. ಅಜ್ಜ ಅವರ ಚಪ್ಪಾಳೆಗೂ ಕಾಯದೆ ಕವಳ ಹಾಕಿಕೊಂಡು ನಡೆಯುತ್ತಾನೆ.

ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಸಿಂಗಳೀಕಕ್ಕೆ ಸಂರಕ್ಷಿತ ಪ್ರದೇಶ ಮಾಡಿದರು. ಸಂತೋಷ. ಅದು ಉಪ್ಪಾಗೆ ಹಣ್ಣು ತಿಂದು ಬದುಕಬೇಕು, ನಾವು ಚಿಪ್ಸ್ ತಿಂದು ಪ್ಯಾಕೆಟ್ ಬಿಟ್ಟು ಬರಬೇಕು. ಸಹಬಾಳ್ವೆ ಅಂದರೆ ಇದೇ ಅಲ್ವಾ?

ಇದೇ ಗುಡ್ಡಗಳಲ್ಲಿ ದಿನಾ ನಡೆಯುವವರೂ ಇದ್ದಾರೆ. ಅವರಿಗೆ ರೇನ್‌ಕೋಟಿನ ಜಾಹೀರಾತಿಲ್ಲ, ಬೆನ್ನಿಗೆ ಪಾಟಿಚೀಲ ಇದೆ. ಶಾಲೆಗೆ ಹೋಗಲು ಹಳ್ಳ ದಾಟಬೇಕು. ದಾಟಲು ಊರಿನವರೇ ಹಾಕಿದ ಅಡಿಕೆ ಮರದ ಸಂಕ. ಪಾಚಿ ಹಿಡಿದಿದೆ, ಹಿಡಿಯಲು ಒಂದು ಬಳ್ಳಿ. ಹಳ್ಳ ಏರಿದ ದಿನ ಶಾಲೆ ಇಲ್ಲ. ಒಂದು ಕಾಲುಸಂಕ ಮಾಡಿಕೊಡಿ ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾದವರಿಗೆ ಸಿಗುವ ಉತ್ತರ ಒಂದೇ: ಅದು ಅರಣ್ಯ ಜಾಗ, ಸಿಮೆಂಟ್ ಕೆಲಸಕ್ಕೆ ಅನುಮತಿ ಕಷ್ಟ.

ಹೌದಾ ಮಾರಾಯ್ರೇ? ಸೆಲ್ಫಿ ಪಾಯಿಂಟಿನ ಕಟ್ಟೆಗೆ ಸಿಮೆಂಟ್ ಹೊತ್ತು ತಂದಾಗ ಅದು ಯಾರ ಹಿತ್ತಿಲಾಗಿತ್ತು?