ಚಕ್ರಕ್ಕೆ ಚಡ್ಡಿ ಬೇಕಾ?

ನಾಲ್ಕು ಜನ ಸೇರಿ ಹಳೇ ವಿಮಾನ ಕೊಂಡರೆ ದುಡ್ಡಿಗಾಗಿ ಜಗಳ ಆಗುತ್ತದೆ ಅಂತ ನೀವು ಅಂದುಕೊಳ್ಳಬಹುದು. ನಮ್ಮಲ್ಲಿ ಆಗಿದ್ದು ಚಡ್ಡಿಗಾಗಿ.

ಇಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ನಮ್ಮ ಪಾಲಿನದೊಂದು ಸೆಸ್ನಾ 172 ಇದೆ. ನಾಲ್ಕು ಸೀಟಿನ ಪುಟ್ಟ ವಿಮಾನ. ಚಕ್ರಗಳು ಒಳಗೆ ಮಡಚಿಕೊಳ್ಳುವುದಿಲ್ಲ, ಹಾರುವಾಗಲೂ ಕೆಳಗೇ ಇರುತ್ತವೆ. ಗಾಳಿ ಅವುಗಳಿಗೆ ಬಡಿದು ವಿಮಾನವನ್ನು ಹಿಂದಕ್ಕೆ ಎಳೆಯಬಾರದು ಅಂತ ಮೂರೂ ಚಕ್ರಕ್ಕೆ ಫೈಬರ್‌ಗ್ಲಾಸ್ ಕವಚ. ಇಲ್ಲಿನ ಪೈಲಟ್‌ಗಳ ಬಾಯಲ್ಲಿ ವೀಲ್ ಪ್ಯಾಂಟ್, ನಮ್ಮನೆಯಲ್ಲಿ ಚಡ್ಡಿ.

ಲಾಭ ಎಷ್ಟು? ಕೈಪಿಡಿಯ ಪ್ರಕಾರ ಸುಮಾರು 2 ನಾಟ್. ಅಂದರೆ ಗಂಟೆಗೆ ನಾಲ್ಕು ಕಿಲೋಮೀಟರೂ ಇಲ್ಲ. 108 ನಾಟ್ ಬದಲು 110ರಲ್ಲಿ ಹೋದರೆ 100 ನಾಟಿಕಲ್ ಮೈಲಿಯ, ಅಂದರೆ ಸುಮಾರು 185 ಕಿಲೋಮೀಟರಿನ ದಾರಿಗೆ ಒಂದು ನಿಮಿಷ ಉಳಿಯುತ್ತದೆ. ಇಳಿದ ಮೇಲೆ ಕಾರಿನ ಕೀ ಯಾರ ಜೇಬಿನಲ್ಲಿದೆ ಅಂತ ಹುಡುಕುವುದರಲ್ಲೇ ಆ ನಿಮಿಷ ಹೋಗುತ್ತದೆ.

ಇನ್ನು ಕಾಟದ ಕಡೆ ನೋಡಿ. ಟೈರಿಗೆ ಗಾಳಿ ಹಿಡಿಯೋಣ ಅಂದರೆ ವಾಲ್ವ್ ಕಾಣುವುದಿಲ್ಲ. ಅದು ಕಾಣುವ ತನಕ ಒಬ್ಬರು ವಿಮಾನ ನೂಕಬೇಕು, ಇನ್ನೊಬ್ಬರು ನೆಲದ ಮೇಲೆ ಮಲಗಿ ‘ಇನ್ನೊಂಚೂರು... ಸಾಕು... ಅಯ್ಯೋ, ದಾಟಿಹೋಯ್ತು!’ ಅನ್ನಬೇಕು. ಟೈರು ಮೆತ್ತಗಾಗಿದ್ದು ಎಷ್ಟೋ ಸಲ ಗೊತ್ತಾಗುವುದೇ ಕವಚದ ತಳ ನೆಲಕ್ಕೆ ಉಜ್ಜಿದಾಗ. ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಬಂದಾಗ ಅದನ್ನೂ ಬಿಚ್ಚಬೇಕು. ಮೆಕ್ಯಾನಿಕ್ ಬಿಲ್ ಮಾಡುವುದು ಗಂಟೆ ಲೆಕ್ಕದಲ್ಲಿ. ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಸ್ಕ್ರೂ ತೂತುಗಳ ಸುತ್ತ ಬಿರುಕು ಬಿಡುತ್ತದೆ. ಆ ಬಿರುಕು ಮುಂದೆ ಓಡದಿರಲಿ ಅಂತ ಅದರ ತುದಿಗೆ ಇನ್ನೊಂದು ತೂತು! ತೂತು ಕೊರೆದು ರಿಪೇರಿ ಮಾಡಿದ್ದಕ್ಕೆ ದುಡ್ಡು ಕೊಡುವುದು ಅಂದರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಒಂದು ಬಿರುಕಿನ ಕಥೆ ಬೇರೆ. ಹಾಸನದಿಂದ ಬಂದಿದ್ದ ಮಾವನವರು ವಿಮಾನ ಹತ್ತಲು ನೇರವಾಗಿ ಚಡ್ಡಿಯ ಮೇಲೇ ಕಾಲಿಟ್ಟರು. ಕಟಕ್ ಅಂತು. ಅವರು ಬಗ್ಗಿ ನೋಡಿ, ‘ಈ ಮೆಟ್ಲು ಲಡ್ಡಾಗಿದೆ ಅಳಿಯಂದ್ರೇ, ಸರಿ ಮಾಡಿಸ್ಬಾರ್ದಾ?’ ಅಂದರು. ಅಳಿಯ ಏನು ತಾನೇ ಹೇಳಲಿ? ‘ಮಾಡಿಸ್ತೀನಿ ಮಾವ’ ಅಂದೆ.

ಹಾಗಂತ ತೆಗೆದು ಬಿಸಾಕಲು ಪಾಲುದಾರರು ಬಿಡಬೇಕಲ್ಲ. ಅವರಲ್ಲೊಬ್ಬರು ದಾವಣಗೆರೆಯವರು. ವಿಮಾನ ತೊಳೆಯುವಾಗ ಅವರ ಮುಖ ನೋಡಬೇಕು, ಮದುವೆಗೆ ಹೊರಟವರ ಕಳೆ. ‘ಚಡ್ಡಿ ತೆಗೆದ್ರೆ ಸೂಟು ಹಾಕ್ಕೊಂಡು ಹವಾಯಿ ಚಪ್ಪಲ್ ಮೆಟ್ಟಿದಂಗ ಕಾಣ್ತತಿ ನೋಡ್ರಿ’ ಅನ್ನುತ್ತಾರೆ. ಮಾರುವಾಗ ಗಿರಾಕಿ ಮೊದಲು ನೋಡುವುದೇ ಅಂದಚಂದ ಅನ್ನುವುದು ಅವರ ಇನ್ನೊಂದು ವಾದ. ಚಕ್ರ ಎರಚುವ ಕೆಸರು, ಕಲ್ಲು ರೆಕ್ಕೆಯ ತಳಕ್ಕೆ ಬಡಿಯುವುದನ್ನು ಈ ಕವಚ ತಡೆಯುತ್ತದೆ ಅನ್ನುವುದಂತೂ ನಿಜ. ನಾನು ಒಪ್ಪಿದೆ. ಅವರೆದುರಿಗೆ ಒಪ್ಪಲಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ಚಳಿಗಾಲ. ರನ್‌ವೇಯ ಅರೆಕರಗಿದ ಹಿಮ ಕವಚದೊಳಗೆ ತುಂಬಿಕೊಂಡು, ಮೇಲೆ ಹೋದಾಗ ಗಟ್ಟಿಯಾದರೆ ಚಕ್ರ ಅಲ್ಲೇ ಕಚ್ಚಿಕೊಳ್ಳಬಹುದು. ತಿರುಗದ ಚಕ್ರದಲ್ಲಿ ಇಳಿಯುವುದು ತಮಾಷೆಯಲ್ಲ. ಚಂದದ ವಿಷಯದಲ್ಲಿ ಜಗ್ಗದ ದಾವಣಗೆರೆಯವರೂ ಇದಕ್ಕೆ ಸುಮ್ಮನಾದರು.

ಆದರೆ ಸುಮ್ನೆ ಬಿಚ್ಚಿ ಮೂಲೆಗಿಡುವ ಹಾಗಿಲ್ಲ. ವಿಮಾನದ ತೂಕದ ಲೆಕ್ಕ ತಿದ್ದಬೇಕು, ಸಾಮಾನಿನ ಪಟ್ಟಿ ತಿದ್ದಬೇಕು, ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಚಡ್ಡಿ ಬಿಚ್ಚಿದ್ದಕ್ಕೆ ಸಹಿ ಹಾಕಿದ ದಾಖಲೆ ಇರುವುದು ಬಹುಶಃ ವಿಮಾನಕ್ಕೆ ಮಾತ್ರ!

ಈಗ ಮೂರೂ ನನ್ನ ಗ್ಯಾರೇಜಿನಲ್ಲಿವೆ. ಮೇ ತಿಂಗಳಲ್ಲಿ ಮತ್ತೆ ಹಾಕುವುದು ಅಂತ ನಾಲ್ವರೂ ಒಪ್ಪಿದ್ದೇವೆ. ಸ್ಕ್ರೂಗಳ ಡಬ್ಬಿ ಯಾರ ಮನೆಯಲ್ಲಿದೆ ಅನ್ನುವುದರಲ್ಲಿ ಮಾತ್ರ ಇನ್ನೂ ಒಮ್ಮತ ಇಲ್ಲ.